ಹೊಸ ಕಮಿಟಿಗೆ ಹಳೇ ಖಜಾಂಚಿಯ ಬಹಿರಂಗ ಪತ್ರ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಹೊಸ ಕಮಿಟಿಯವರೇ,

ನಮಸ್ಕಾರ. ಹೋದ ಭಾನುವಾರದ ವಾರ್ಷಿಕ ಸಭೆಯಲ್ಲಿ (ಎಜಿಎಂ) ನೀವು ಏಳು ಜನ ಆರಿಸಿ ಬಂದಿರಿ. ಆರಿಸಿ ಬಂದಿರಿ ಅನ್ನುವುದು ಸ್ವಲ್ಪ ದೊಡ್ಡ ಮಾತಾಯಿತು. ಹತ್ತೂವರೆಗೆ ಕರೆದ ಸಭೆಗೆ ಕೋರಂ ಆಗಲಿಲ್ಲ. ಅರ್ಧ ಗಂಟೆ ಮುಂದೂಡಿದೆವು. ಕ್ಲಬ್‌ಹೌಸ್‌ನಲ್ಲಿ ತಂದಿಟ್ಟ ಉಪ್ಪಿಟ್ಟು, ಕೇಸರಿಬಾತ್ ಆರಿಹೋಯಿತು. 180 ಮನೆಗಳಲ್ಲಿ 41 ಮನೆಯವರು ಬಂದಿದ್ದರು. ‘ಯಾರು ನಿಲ್ಲುತ್ತೀರಿ?’ ಅಂದಾಗ ಎಲ್ಲರೂ ಫೋನು ನೋಡಿಕೊಂಡರು. ಕೊನೆಗೆ ಯಾರು ಜಾಸ್ತಿ ಪ್ರಶ್ನೆ ಕೇಳಿದ್ದರೋ ಅವರನ್ನೇ ‘ನೀವೇ ಬಂದುಬಿಡಿ ಸಾರ್’ ಅಂತ ಎಳೆದು ಕೂರಿಸಿದರು. ನಾಲ್ಕು ವರ್ಷದ ಹಿಂದೆ ನಾನು ಖಜಾಂಚಿ ಆಗಿದ್ದೂ ಹೀಗೇ. ಆವತ್ತು ನಾನು ಕೇಳಿದ್ದು ಒಂದೇ ಪ್ರಶ್ನೆ: ಡೀಸೆಲ್ ಖರ್ಚು ಹೋದ ವರ್ಷಕ್ಕಿಂತ ಯಾಕೆ ಹೆಚ್ಚಾಯಿತು?

ಈ ಪತ್ರವನ್ನು ನಿಮ್ಮ ಏಳು ಜನರ ಕೈಗೆ ಸುಮ್ಮನೆ ಕೊಟ್ಟು ಹೋಗಬಹುದಿತ್ತು. ಬಹಿರಂಗವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಬೆಂಗಳೂರಿನಲ್ಲಿ ವೈಟ್‌ಫೀಲ್ಡ್‌ನಿಂದ ಕೆಂಗೇರಿಯವರೆಗೆ ನನ್ನ ಬಂಧುಬಳಗದವರು ಇರುವ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಕತೆ ಇದೇ. ನಮ್ಮ ಅಪಾರ್ಟ್‌ಮೆಂಟಿನ ಹೆಸರು ಹಾಕಿಲ್ಲ. ಹಾಕಿದರೆ ಫ್ಲ್ಯಾಟಿನ ರೇಟು ಬಿದ್ದುಹೋಗುತ್ತದೆ ಅಂತ ಗ್ರೂಪಿನಲ್ಲಿ ನಾಳೆಯೇ ಗಲಾಟೆ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮ ಮೊದಲ ವರ್ಷದಲ್ಲಿ ಐದು ಕಮಿಟಿ ಮೀಟಿಂಗ್ ನಾಯಿಗೆ ಹೋದವು. ನಾಯಿ ಲಿಫ್ಟ್‌ನಲ್ಲಿ ಬರಬಹುದೋ ಬಾರದೋ, ಬಂದರೆ ಯಾವ ಲಿಫ್ಟ್, ಬಾಯಿಗೆ ಕುಕ್ಕೆ ಬೇಕೋ ಬೇಡವೋ. ಎರಡು ಪುಟದ ನಿಯಮ ಬರೆದೆವು. ಒಬ್ಬರು ಅದನ್ನು ಲ್ಯಾಮಿನೇಟ್ ಮಾಡಿಸಿ ತಂದರು. ಆಮೇಲೆ ಮೂರನೇ ಮಹಡಿಯ ಹುಡುಗಿ ಒಂದು ಕಾಗದ ತಂದು ಮೇಜಿನ ಮೇಲಿಟ್ಟಳು. ಸಾಕುನಾಯಿ ನಿಷೇಧಿಸುವ ಅಧಿಕಾರ ಯಾವ ನಿವಾಸಿಗಳ ಸಂಘಕ್ಕೂ ಇಲ್ಲ, ಬಹುಮತದ ನಿರ್ಣಯ ಇದ್ದರೂ ಇಲ್ಲ, ಲಿಫ್ಟ್ ಬಳಸಬೇಡಿ ಅನ್ನುವ ಹಾಗೂ ಇಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಲ್ಯಾಮಿನೇಟ್ ಆದ ಹಾಳೆ ಈಗ ಆಫೀಸಿನ ಟೀಪಾಯಿಯ ಕಾಲಿಗೆ ಒತ್ತಾಗಿದೆ, ನೋಡಿ ಬೇಕಾದರೆ.

ಅದೇ ಐದು ತಿಂಗಳಲ್ಲಿ ನೆಲಮಾಳಿಗೆಯ ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದ, ಎರಡು ಬ್ಲೋವರುಗಳಲ್ಲಿ ಒಂದು ಕೆಟ್ಟು ಕೂತಿತ್ತು. ಆಪರೇಟರ್ ಪುಸ್ತಕದಲ್ಲಿ ಬರೆದಿಟ್ಟಿದ್ದ. ನಾವು ಪುಸ್ತಕ ತೆಗೆದೇ ನೋಡಿರಲಿಲ್ಲ.

ನಾಲ್ಕು ವರ್ಷದಲ್ಲಿ ನಾನು ಕಲಿತದ್ದು ಇಷ್ಟೇ: ಕಮಿಟಿ ನೋಡಿಕೊಳ್ಳಬೇಕಾದದ್ದು ಕಟ್ಟಡವನ್ನು ಮತ್ತು ಲೆಕ್ಕದ ಪುಸ್ತಕವನ್ನು. ಜನರ ನಡತೆಯನ್ನಲ್ಲ. ಯಾರ ಮನೆಗೆ ಯಾರು ಬಂದರು, ಬ್ಯಾಚುಲರ್ ಹುಡುಗರು ಎಷ್ಟು ಗಂಟೆಗೆ ಬಂದರು, ಬಾಲ್ಕನಿಯಲ್ಲಿ ಯಾರು ಏನು ಒಣಹಾಕಿದರು, ಇವುಗಳ ಬಗ್ಗೆ ಮಾತಾಡುವುದು ಸುಲಭ, ಯಾಕೆಂದರೆ ಇವುಗಳ ಬಗ್ಗೆ ಎಲ್ಲರಿಗೂ ಅಭಿಪ್ರಾಯ ಇದೆ. ಪಂಪಿನ ಬಗ್ಗೆ ಯಾರಿಗೂ ಅಭಿಪ್ರಾಯ ಇಲ್ಲ. ಆದ್ದರಿಂದಲೇ ಪಂಪು ಕೆಡುತ್ತದೆ.

ನೀರಿನಿಂದ ಶುರುಮಾಡುತ್ತೇನೆ, ಬೇಸಿಗೆ ದೂರ ಇಲ್ಲ.

2024ರ ಬೇಸಿಗೆ ನಿಮಗೆಲ್ಲ ನೆನಪಿರಬೇಕು. ನಮ್ಮ ಮೂರು ಬೋರ್‌ವೆಲ್‌ಗಳಲ್ಲಿ ಎರಡು ಫೆಬ್ರವರಿಯಲ್ಲೇ ಗಾಳಿ ಉಗುಳತೊಡಗಿದವು. ಟ್ಯಾಂಕರಿನವರು ಕೇಳಿದ್ದೇ ರೇಟು. ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ದರ ನಿಗದಿ ಮಾಡಿತು: 12,000 ಲೀಟರ್ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗಾದರೆ 1,000 ರೂಪಾಯಿ, 10 ಕಿಲೋಮೀಟರ್ ಒಳಗಾದರೆ 1,200. ಕುಡಿಯುವ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು. ನಲ್ಲಿಗೆ ನೀರು ಕಮ್ಮಿ ಬಿಡುವ ಏರಿಯೇಟರ್ ಹಾಕಿಸಿ ಎಂದಿತು. ಎಲ್ಲವನ್ನೂ ಮಾಡಿದೆವು. ಆದರೂ ದಿನಕ್ಕೆ ಆರು ಟ್ಯಾಂಕರ್ ಬೇಕಾಗುತ್ತಿತ್ತು, ಆದರೂ ರಾತ್ರಿ ಹತ್ತಕ್ಕೆ ಸಿ ಬ್ಲಾಕಿನ ಮೇಲಿನ ಮಹಡಿಯವರಿಗೆ ನೀರಿಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಆರು ಟ್ಯಾಂಕರ್ ಅಂದರೆ 72,000 ಲೀಟರ್. ಬೋರ್‌ವೆಲ್ಲಿನದು, ಕಾವೇರಿದು ಸೇರಿಸಿದರೆ ಸಾಲಲೇಬೇಕು. ಸಾಲುತ್ತಿಲ್ಲ ಅಂದರೆ ಎಲ್ಲೋ ಸೋರುತ್ತಿದೆ, ಇಲ್ಲಾ ಬರುತ್ತಲೇ ಇಲ್ಲ. ಒಂದು ಬೆಳಿಗ್ಗೆ ಐದು ಗಂಟೆಗೆ ಸೆಕ್ಯುರಿಟಿಯವನನ್ನು ಕರೆದುಕೊಂಡು ಸಂಪಿನ ಹತ್ತಿರ ಹೋದೆ. ಮುಚ್ಚಳ ತೆಗೆಸಿದೆ. ಸಂಪಿನ ಉದ್ದ 8 ಮೀಟರ್, ಅಗಲ 5 ಮೀಟರ್, ಇದು ಡ್ರಾಯಿಂಗಿನಲ್ಲಿದೆ. ಗುಣಿಸಿದರೆ 40 ಚದರ ಮೀಟರ್. ಅಂದರೆ ನೀರು ಒಂದು ಸೆಂಟಿಮೀಟರ್ ಏರಿದರೆ 400 ಲೀಟರ್. 12,000 ಲೀಟರ್ ಬಿದ್ದರೆ 30 ಸೆಂಟಿಮೀಟರ್ ಏರಬೇಕು. ಶಾಲೆಯಲ್ಲಿ ಬೋರ್ಡಿಗೆ ಬಳಸುತ್ತಿದ್ದ ಒಂದು ಮೀಟರ್ ಉದ್ದದ ಮರದ ಅಳತೆಕೋಲು ನಿವೃತ್ತಿಯ ದಿನ ನನ್ನ ಜೊತೆಗೇ ಮನೆಗೆ ಬಂದಿತ್ತು. ಅದನ್ನೊಂದು ಬಿದಿರಿಗೆ ಬಿಗಿದು ಇಳಿಸಿ ನೀರಿನ ಮಟ್ಟ ಗುರುತು ಮಾಡಿಕೊಂಡೆವು. ಮೇಲಕ್ಕೆ ಎತ್ತುವ ಮೋಟರ್ ಆಫ್ ಮಾಡಿಸಿದೆವು, ಬೋರ್‌ವೆಲ್ಲಿನ ವಾಲ್ವ್ ಮುಚ್ಚಿಸಿದೆವು. ಟ್ಯಾಂಕರ್ ಬಂತು, ಪೈಪು ಬಿಟ್ಟಿತು, ಖಾಲಿಯಾಯಿತು. ಮತ್ತೆ ಕೋಲು ಇಳಿಸಿದೆವು.

25 ಸೆಂಟಿಮೀಟರ್.

ಎರಡನೇ ಟ್ಯಾಂಕರ್, ಮತ್ತೆ 25. ಮೂರನೆಯದಕ್ಕೆ ಡ್ರೈವರು ನನ್ನ ಕೈಯಲ್ಲಿದ್ದ ಕೋಲನ್ನೂ ನನ್ನನ್ನೂ ನೋಡಿ, ‘ಏನ್ ಮೇಡಂ ಅದು?’ ಅಂದ. ಅಳತೆ ಅಂದೆ. ಅವನೇನೂ ಮಾತಾಡಲಿಲ್ಲ. ಮಾರನೆಯ ದಿನದಿಂದ 29, 30 ಬರತೊಡಗಿತು. ಒಂದು ಟ್ಯಾಂಕರಿಗೆ 2,000 ಲೀಟರ್ ಕಮ್ಮಿ ಬರುತ್ತಿದ್ದರೆ ಆರು ಟ್ಯಾಂಕರಿಗೆ 12,000. ಅಂದರೆ ದಿನಕ್ಕೆ ಒಂದು ಇಡೀ ಟ್ಯಾಂಕರಿನ ದುಡ್ಡನ್ನು ಗಾಳಿಗೆ ಕೊಟ್ಟಿದ್ದೆವು. 1,200ರ ಲೆಕ್ಕದಲ್ಲಿ ತಿಂಗಳಿಗೆ 36,000 ರೂಪಾಯಿ. ಎಷ್ಟು ತಿಂಗಳಿಂದ ಅಂತ ಯಾರಿಗೂ ಗೊತ್ತಿಲ್ಲ, ಯಾಕೆಂದರೆ ರಿಜಿಸ್ಟರಿನಲ್ಲಿ ಇದ್ದದ್ದು ಗಾಡಿ ನಂಬರು, ಬಂದ ಟೈಮು, ಸೆಕ್ಯುರಿಟಿಯ ಸಹಿ. ನೀರಿನ ಅಳತೆ ಬರೆಯುವ ಕಾಲಮ್ಮೇ ಇರಲಿಲ್ಲ.

ಕಳ್ಳತನದ ಕತೆ ಹೇಳಬೇಕು ಅಂತ ಇದನ್ನು ಬರೆಯಲಿಲ್ಲ. ನೀರಿನ ಬಿಲ್ಲು ಪ್ರತಿ ತಿಂಗಳೂ ನಾವೇ ಪಾಸು ಮಾಡುತ್ತಿದ್ದೆವು. ಮೂರು ಸಹಿ ಇರುತ್ತಿದ್ದವು. ಸಹಿ ಇದ್ದ ಮಾತ್ರಕ್ಕೆ ನೋಡಿದ್ದಾರೆ ಅಂತಲ್ಲ. ಅಕ್ಟೋಬರ್ 2024ರಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರು ಹೆಚ್ಚುವರಿಯಾಗಿ ಊರಿಗೆ ಬರಬಹುದಾದ ವ್ಯವಸ್ಥೆ ಆಗಿದೆ, ನಿಜ. ಆದರೂ ಕೋಲನ್ನು ಬಿಸಾಡಬೇಡಿ.

ಇನ್ನು ಎಸ್‌ಟಿಪಿ. ಎಲ್ಲರಿಗೂ ವಾಸನೆ ಬಂದಾಗ ಮಾತ್ರ ನೆನಪಾಗುವ ಜಾಗ. ಅದೊಂದು ಯಂತ್ರ ಅಂದುಕೊಂಡಿದ್ದೆ. ಅಲ್ಲ, ಅದು ದನದ ಕೊಟ್ಟಿಗೆ ಇದ್ದ ಹಾಗೆ. ಅಲ್ಲಿ ಕೊಳಕನ್ನು ತಿಂದು ನೀರನ್ನು ತಿಳಿ ಮಾಡುವುದು ಜೀವಾಣುಗಳು. ಅವಕ್ಕೆ ಹೊತ್ತುಹೊತ್ತಿಗೆ ಗಾಳಿ ಬೇಕು. ಗಾಳಿ ಕೊಡುವುದು ಬ್ಲೋವರ್. ನೆಲಮಹಡಿಯವರೊಬ್ಬರು ರಾತ್ರಿ ಗುಂಯ್ ಅನ್ನುತ್ತದೆ, ನಿದ್ದೆ ಬರುವುದಿಲ್ಲ ಅಂತ ದೂರು ಕೊಟ್ಟರು. ಫೆಸಿಲಿಟಿ ಮ್ಯಾನೇಜರ್ ಯಾರನ್ನೂ ಕೇಳದೆ ರಾತ್ರಿ ಹತ್ತರಿಂದ ಆರರವರೆಗೆ ಬ್ಲೋವರ್ ನಿಲ್ಲಿಸಿಬಿಟ್ಟ. ಜೊತೆಗೆ ಒಂದು ಬ್ಲೋವರ್ ಮೊದಲೇ ಕೆಟ್ಟಿತ್ತು. ಎರಡು ವಾರಕ್ಕೆ ಗಾಳಿಯಿಲ್ಲದೆ ಜೀವಾಣು ಸತ್ತು, ಕೊಳೆತ ಮೊಟ್ಟೆ ವಾಸನೆ ಐದನೇ ಮಹಡಿಗೆ ಮುಟ್ಟಿತು. ಫ್ಲಶ್ ಟ್ಯಾಂಕಿನಲ್ಲಿ ಕಪ್ಪು ನೀರು. ಆಗ ಗ್ರೂಪಿನಲ್ಲಿ 300 ಮೆಸೇಜು.

ವಾರಕ್ಕೊಮ್ಮೆ ಕೆಳಗೆ ಹೋಗಿ ಆಪರೇಟರ್ ಹತ್ತಿರ ಒಂದು ಕೆಲಸ ಮಾಡಿಸಿ. ಗಾಳಿ ಬಿಡುವ ತೊಟ್ಟಿಯಿಂದ ಒಂದು ಲೀಟರ್ ಗಾಜಿನ ಜಾಡಿಗೆ ನೀರು ತುಂಬಿಸಿ ಅಲ್ಲಾಡಿಸದೆ ಅರ್ಧ ಗಂಟೆ ಇಡಬೇಕು. ಚೆನ್ನಾಗಿ ನಡೆಯುತ್ತಿರುವ ತೊಟ್ಟಿಯದಾದರೆ ಕಂದು ಬಣ್ಣದ ಕೆಸರು ಜಾಡಿಯ ಕೆಳಗಿನ ಮೂರನೇ ಒಂದು ಭಾಗದ ಸುತ್ತಮುತ್ತ ಕೂರುತ್ತದೆ, ಮೇಲೆ ತಿಳಿನೀರು. ಏನೂ ಕೂರದಿದ್ದರೂ ತೊಂದರೆ, ಜಾಡಿಯ ತುಂಬ ಕೆಸರೇ ನಿಂತರೂ ತೊಂದರೆ. ಇದಕ್ಕೆ ಇಂಜಿನಿಯರಿಂಗ್ ಓದಬೇಕಿಲ್ಲ. ನಮ್ಮ ಆಪರೇಟರ್ ರಾಯಚೂರು ಕಡೆಯ ಹುಡುಗ, ಹತ್ತನೇ ಕ್ಲಾಸು. ಜಾಡಿ ನೋಡಿಯೇ ‘ಮೇಡಂ, ಇವತ್ತ ಗಾಳಿ ಕಮ್ಮಿ ಆಗೇದ’ ಅನ್ನುತ್ತಾನೆ. ಅವನ ಮಾತು ಯಾವತ್ತೂ ತಪ್ಪಲಿಲ್ಲ.

ಆ ಹುಡುಗನ ವಿಷಯದಲ್ಲಿ ಒಂದು ಮಾತು. ತೊಟ್ಟಿ ತೊಳೆಯಲು ಅವನನ್ನಾಗಲಿ ಬೇರೆ ಯಾರನ್ನಾಗಲಿ ಒಳಗೆ ಇಳಿಸಬೇಡಿ. ಹತ್ತು ನಿಮಿಷದ ಕೆಲಸ ಅಂತ ಯಾರು ಹೇಳಿದರೂ ಬೇಡ. ಆ ವಾಸನೆಯ ಗಾಳಿ ಜಾಸ್ತಿಯಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಆಳು ಕುಸಿಯುತ್ತಾನೆ. ಎತ್ತಲು ಇಳಿದವನೂ ಕುಸಿಯುತ್ತಾನೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹೀಗೆ ಸತ್ತವರು ಒಬ್ಬಿಬ್ಬರಲ್ಲ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಇದನ್ನು ಅಪರಾಧ ಅನ್ನುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಕಾನೂನು, ಪರಿಹಾರ ಎಲ್ಲ ಆಮೇಲಿನ ಮಾತು. ಮಿಷನ್ ಇರುವ ಗಾಡಿ ಕರೆಸಿದರೆ ಕೆಲವು ಸಾವಿರ ಖರ್ಚು ಬರುತ್ತದೆ. ಕೊಡಿ. ‘ಹೋದ ಸಲ ಇಷ್ಟೇ ಆಗಿತ್ತು’ ಅಂತ ಚೌಕಾಸಿ ಮಾಡುವ ಜಾಗ ಇದಲ್ಲ.

ಕರೆಂಟಿನ ವಿಷಯವೂ ಅಷ್ಟೇ. 2023ರ ಡಿಸೆಂಬರ್‌ನಲ್ಲಿ ವರ್ತೂರು ಕಡೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಈಜುಕೊಳದ ಬಳಿ ವಿದ್ಯುತ್ ತಗುಲಿ ಪುಟ್ಟ ಹುಡುಗಿಯೊಬ್ಬಳು ತೀರಿಕೊಂಡಳು. ಮುಂದೆ ಪೊಲೀಸರು ಬಂಧಿಸಿದವರಲ್ಲಿ ನಿವಾಸಿಗಳ ಸಂಘದ ಪದಾಧಿಕಾರಿಯೂ ಇದ್ದರು. ಸಂಬಳ ಇಲ್ಲ, ಭಾನುವಾರ ಇಲ್ಲ, ಆದರೆ ಹೊಣೆ ಮಾತ್ರ ನಿಜವಾದದ್ದು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವ ಹಾಗಲ್ಲ ನಮ್ಮ ಸ್ಥಾನ, ಆಟಕ್ಕಿಲ್ಲದಿದ್ದರೂ ಲೆಕ್ಕಕ್ಕುಂಟು. ಆವತ್ತು ರಾತ್ರಿ ನಾನು, ನಮ್ಮ ಸೆಕ್ರೆಟರಿ ಇಬ್ಬರೂ ಟಾರ್ಚ್ ಹಿಡಿದು ಎಲ್ಲ ಗಾರ್ಡನ್ ಲೈಟ್ ಕಂಬಗಳನ್ನು ಸುತ್ತಿದೆವು. ಹನ್ನೊಂದು ಕಂಬದಲ್ಲಿ ವೈರಿನ ಜಾಯಿಂಟಿಗೆ ಟೇಪು ಸುತ್ತಿ ಬಿಟ್ಟಿದ್ದರು, ಮಕ್ಕಳ ಕೈಗೆಟುಕುವ ಎತ್ತರದಲ್ಲಿ. ಮಾರನೆಯ ದಿನವೇ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರನ್ನು ಕರೆಸಿ ಅರ್ಥಿಂಗ್ ಚೆಕ್ ಮಾಡಿಸಿದೆವು, ಕರೆಂಟು ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್ (ಆರ್‌ಸಿಸಿಬಿ) ಹಾಕಿಸಿದೆವು. ಅದರ ರಿಪೋರ್ಟು ನೀಲಿ ಫೈಲಿನಲ್ಲಿದೆ. ವರ್ಷಕ್ಕೊಮ್ಮೆ ಹೊಸ ರಿಪೋರ್ಟು ಅದೇ ಫೈಲಿಗೆ ಸೇರಬೇಕು. ಹಾಗೇ ಫೈರ್ ಪಂಪಿನ ಪ್ಯಾನಲ್ ಹತ್ತಿರ ಹೋಗಿ ಸ್ವಿಚ್ ‘ಆಟೋ’ದಲ್ಲಿದೆಯಾ ನೋಡಿ. ಪೈಪು ಎಲ್ಲೋ ಸೋರುತ್ತಿದೆ, ಪಂಪು ತಾನೇ ತಾನೇ ಓಡುತ್ತದೆ ಅಂತ ಅದನ್ನು ಆಫ್ ಮಾಡಿಟ್ಟಿರುತ್ತಾರೆ. ನಮ್ಮಲ್ಲಿ ಎಷ್ಟೋ ತಿಂಗಳು ಆಫ್ ಆಗಿಯೇ ಇತ್ತು.

ಈಗ ದುಡ್ಡು. ಖಜಾಂಚಿಯಾಗಿದ್ದವಳು ಇದನ್ನು ಉದ್ದ ಮಾಡುತ್ತಾಳೆ ಅಂತ ಅಂಜಬೇಡಿ. ನಾಲ್ಕು ವಿಷಯ ಹೇಳಿ ಮುಗಿಸುತ್ತೇನೆ.

ಕಾರ್ಪಸ್ ಫಂಡ್, ಅಂದರೆ ಮುಂದಿನ ದೊಡ್ಡ ಖರ್ಚಿಗೆ ಅಂತ ಕೂಡಿಟ್ಟ ದುಡ್ಡು, ನಮ್ಮದಲ್ಲ, ಮುಂದೆ ಈ ಮನೆಗಳಲ್ಲಿ ಇರುವವರದ್ದು. ಅದರಿಂದ ಗಣೇಶೋತ್ಸವದ ಆರ್ಕೆಸ್ಟ್ರಾ ನಡೆಸಬಾರದು. ಲಿಫ್ಟಿನ ರೋಪು, ಟೆರೇಸಿನ ವಾಟರ್‌ಪ್ರೂಫಿಂಗ್, ಹೊರಗೋಡೆಯ ಪೇಂಟು, ಇವು ಯಾವಾಗ ಬರುತ್ತವೆ ಅಂತ ಮೊದಲೇ ಗೊತ್ತಿರುವ ಖರ್ಚುಗಳು. ನಮ್ಮ ಕಟ್ಟಡಕ್ಕೆ ಹನ್ನೆರಡು ವರ್ಷ. ಎಲ್ಲವೂ ಒಟ್ಟಿಗೇ ಬಾಗಿಲು ತಟ್ಟುವ ವಯಸ್ಸು. ಯಾವುದು ಯಾವ ವರ್ಷ ಅಂತ ಒಂದು ಹಾಳೆ ಮಾಡಿ ಎಲ್ಲ ಮನೆಗೂ ಕಳಿಸಿ. ಮೇಂಟೆನೆನ್ಸ್ ಏರಿಸುವ ದಿನ ಅರ್ಧ ಜಗಳ ಅಲ್ಲೇ ಇಳಿದುಹೋಗಿರುತ್ತದೆ.

ಆ ದುಡ್ಡನ್ನು ಎಲ್ಲಿ ಇಡುತ್ತೀರಿ ಅನ್ನುವುದು ಎರಡನೆಯದು. ನಮ್ಮ ಅವಧಿಯಲ್ಲಿ ಒಬ್ಬರು ಪರಿಚಯದ ಸಹಕಾರಿ ಬ್ಯಾಂಕಿನಲ್ಲಿ 60 ಲಕ್ಷವನ್ನೂ ಇಡೋಣ, ಒಂದೂವರೆ ಪರ್ಸೆಂಟ್ ಬಡ್ಡಿ ಜಾಸ್ತಿ ಎಂದರು. ಬ್ಯಾಂಕು ಮುಳುಗಿದರೆ ಕೈಗೆ ಬರುವ ಠೇವಣಿ ವಿಮೆ 2020ರ ಫೆಬ್ರವರಿಯಿಂದ 5 ಲಕ್ಷ, ಅದಕ್ಕೂ ಮುಂಚೆ ಬರೀ 1 ಲಕ್ಷ ಇತ್ತು. ಸಂಘ ಅಂದರೆ ಒಬ್ಬ ಠೇವಣಿದಾರ. 180 ಮನೆ ಇದೆ ಅಂತ 180 ಸಲ ವಿಮೆ ಸಿಗುವುದಿಲ್ಲ. ನಾನು ಒಪ್ಪಲಿಲ್ಲ. ಎರಡು ತಿಂಗಳು ಅವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಜಿಎಸ್‌ಟಿ ಬಗ್ಗೆ ಪ್ರತಿ ಎಜಿಎಂನಲ್ಲೂ ಗೊಂದಲ. ಸಂಘದ ವರ್ಷದ ವಹಿವಾಟು 20 ಲಕ್ಷ ದಾಟಬೇಕು, ಒಂದು ಮನೆಯ ತಿಂಗಳ ಮೇಂಟೆನೆನ್ಸೂ 7,500 ದಾಟಬೇಕು, ಆಗ ಮಾತ್ರ 18 ಪರ್ಸೆಂಟ್. ದಾಟಿದರೆ ಪೂರ್ತಿ ಮೊತ್ತಕ್ಕೋ ದಾಟಿದ್ದಕ್ಕೆ ಮಾತ್ರವೋ ಅನ್ನುವುದರಲ್ಲಿ ತಕರಾರಿದೆ. ಪೂರ್ತಿಗೆ ಅಂತ 2019ರ ಸರ್ಕಾರಿ ಸುತ್ತೋಲೆ, ಹೆಚ್ಚಿದ್ದಕ್ಕೆ ಮಾತ್ರ ಅಂತ 2021ರ ಮದ್ರಾಸ್ ಹೈಕೋರ್ಟ್ ತೀರ್ಪು. ನಮ್ಮದು ಸದ್ಯಕ್ಕೆ 7,500ರ ಒಳಗೇ ಇದೆ. ಏರಿಸುವ ಮುಂಚೆ ಆಡಿಟರನ್ನು ಕೂರಿಸಿ ಮಾತಾಡಿ.

ನಾಲ್ಕನೆಯದು, ಚದರಡಿಗೆ ಇಷ್ಟು ಅಂತಲೋ ಮನೆಗೆ ಇಷ್ಟು ಅಂತಲೋ ಅನ್ನುವ ಹಳೇ ಜಗಳ. ದೊಡ್ಡ ಮನೆಯವರು ‘ಸೆಕ್ಯುರಿಟಿ ನನಗೇನು ಎರಡು ಸಲ ಸಲಾಂ ಹೊಡೀತಾನಾ?’ ಅನ್ನುತ್ತಾರೆ. ಚಿಕ್ಕ ಮನೆಯವರು ‘ನಿಮ್ಮ ಮನೆಯಲ್ಲಿ ನಾಲ್ಕು ಬಾತ್‌ರೂಮು’ ಅನ್ನುತ್ತಾರೆ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಆದರೆ ಇದು ನೀವು ಏಳು ಜನ ತೀರ್ಮಾನಿಸುವ ವಿಷಯವೇ ಅಲ್ಲ. ನಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗಿದೆ. ಸಾಮಾನ್ಯ ಖರ್ಚನ್ನು ಅವಿಭಜಿತ ಹಕ್ಕಿನ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಪ್ರತಿ ಮನೆಗೆ ಇರುವ, ಪಾಲಿಗೆ ತಕ್ಕಂತೆ ಹಂಚಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಪಾಲು ಎಷ್ಟು ಅಂತ ಆ ಕಾಯ್ದೆಯ ಕೆಳಗೆ ನೋಂದಾಯಿಸಿದ ಘೋಷಣಾ ಪತ್ರದಲ್ಲಿ (ಡೀಡ್ ಆಫ್ ಡಿಕ್ಲರೇಶನ್) ಬರೆದಿದೆ. ಪುಟ ತೆಗೆದು ತೋರಿಸಿ, ಕೂರಿ. ನಿಮ್ಮ ನೆಂಟರ ಅಪಾರ್ಟ್‌ಮೆಂಟ್ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲೋ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲೋ ಇರಬಹುದು, ಅವರ ಲೆಕ್ಕ ಬೇರೆ. ‘ಅವರಲ್ಲಿ ಹಾಗಿದೆ’ ಅನ್ನುವ ಮಾತು ನಮ್ಮಲ್ಲಿ ನಡೆಯುವುದಿಲ್ಲ.

ಮೇಂಟೆನೆನ್ಸ್ ಕಟ್ಟದವರ ನೀರು ನಿಲ್ಲಿಸೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ನಮ್ಮಲ್ಲಿ ಒಬ್ಬರು ಒಂಬತ್ತು ತಿಂಗಳು ಕಟ್ಟಿರಲಿಲ್ಲ. ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಲು ಸಭೆ ತೀರ್ಮಾನಿಸಿತ್ತು. ಹಾಕುವ ಮುಂಚೆ ನಾನೊಂದು ಸಲ ಮನೆಗೆ ಹೋಗಿ ಬರುತ್ತೇನೆ ಅಂದೆ. ಆಕೆಯ ಗಂಡನಿಗೆ ಕೆಲಸ ಹೋಗಿ ವರ್ಷವಾಗಿತ್ತು. ಕಾಫಿ ಕೊಟ್ಟು, ಲೋಟ ಇಡುವಾಗ ಆಕೆಯ ಕೈ ನಡುಗಿತು. ಆರು ಕಂತಿನಲ್ಲಿ ಕಟ್ಟಿಸಿಕೊಂಡೆವು, ಒಂದು ರೂಪಾಯಿ ಬಿಡದೆ. ಬಿಡುವ ಅಧಿಕಾರ ನಮಗಿರಲಿಲ್ಲ, ಕಾಯುವ ಅಧಿಕಾರ ಇತ್ತು. ಬೇಕೆಂದೇ ಕಟ್ಟದ ಇನ್ನಿಬ್ಬರಿಗೆ ವಕೀಲರ ನೋಟಿಸ್ ಹೋಯಿತು. ಬಾಕಿ ಮೊತ್ತ ಆ ಫ್ಲ್ಯಾಟಿನ ಮೇಲೆಯೇ ಹೊರೆಯಾಗಿ ನಿಲ್ಲುತ್ತದೆ ಎಂದು ಅದೇ ಕಾಯ್ದೆ ಹೇಳುತ್ತದೆ. ಮಾರಲು ಹೋದ ದಿನ ಅವರಾಗಿಯೇ ಬಂದು ಕಟ್ಟಿದರು.

ಬಿಲ್ಡರ್ ವಿಷಯ ನಮಗೆ ಮುಗಿದ ಅಧ್ಯಾಯ. ಹೊಸ ಕಟ್ಟಡದಲ್ಲಿರುವ ಬೇರೆಯವರು ಇದನ್ನು ಓದುತ್ತಿದ್ದರೆ ನೆನಪಿಡಿ: ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದೊಳಗೆ ಕಟ್ಟಡದ ದೋಷ, ಕೆಲಸದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ದುಡ್ಡಿಲ್ಲದೆ ಸರಿಪಡಿಸಿಕೊಡಬೇಕು ಅಂತ 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯಲ್ಲಿದೆ. ಬಾಯಿಮಾತಲ್ಲಿ ಹೇಳಿದರೆ ಗಾಳಿಗೆ ಹೇಳಿದಂತೆ. ಫೋಟೊ, ತಾರೀಖು, ಪತ್ರ, ಸ್ವೀಕೃತಿ ಇರಲಿ. ಐದು ವರ್ಷ ಅನ್ನುವುದು ಕಮಿಟಿಗಳು ತಮ್ಮತಮ್ಮಲ್ಲೇ ಜಗಳ ಆಡುತ್ತಿರುವಾಗ ಸರಿದುಹೋಗುತ್ತದೆ.

ಮೀಟಿಂಗ್ ಬಗ್ಗೆ: ಒಂದೂವರೆ ಗಂಟೆ ಸಾಕು. ವಿಷಯಪಟ್ಟಿಯಲ್ಲಿ ಮೊದಲು ನೀರು, ಎಸ್‌ಟಿಪಿ, ಲಿಫ್ಟ್, ಕರೆಂಟು, ಆಮೇಲೆ ಲೆಕ್ಕ, ಉಳಿದದ್ದು ಸಮಯ ಇದ್ದರೆ. ನಾಯಿ ಪ್ರತಿಸಲವೂ ‘ಸಮಯ ಇದ್ದರೆ’ಗೆ ಬರಲಿ. ನಡಾವಳಿ ಅದೇ ರಾತ್ರಿ ಬರೆಯಿರಿ, ಮೂರು ದಿನದಲ್ಲಿ ಎಲ್ಲರಿಗೂ ಕಳಿಸಿ. ಯಾರು ಒಪ್ಪಲಿಲ್ಲ ಅನ್ನುವುದನ್ನೂ ಬರೆಯಿರಿ. ಕಮಿಟಿ ಸದಸ್ಯರ ಸಂಬಂಧಿಕರ ಕೋಟೇಶನ್ ಬಂದರೆ ಆ ಸದಸ್ಯರು ಎದ್ದು ಹೊರಗೆ ಹೋಗಲಿ. ಅದರ ದರ ಎಲ್ಲಕ್ಕಿಂತ ಕಡಿಮೆಯೇ ಇರಲಿ, ಹೋಗಲಿ. ವಾಟ್ಸ್ಆ್ಯಪ್‌ನಲ್ಲಿ ತೀರ್ಮಾನ ಮಾಡಬೇಡಿ, ರಾತ್ರಿ ಹನ್ನೊಂದರ ಮೇಲೆ ಉತ್ತರವನ್ನೂ ಕೊಡಬೇಡಿ. ನಾನು ಒಂದು ಸಲ ಕೊಟ್ಟೆ. ಅದರ ಸ್ಕ್ರೀನ್‌ಶಾಟ್ ಈಗಲೂ ಓಡಾಡುತ್ತಿದೆ.

ಬಿಲ್ಲುಗಳನ್ನು ಯಾರು ಕೇಳಿದರೂ ತೋರಿಸಿ. ಕೇಳಿದ ಕೂಡಲೇ ‘ನಮ್ಮ ಮೇಲೆ ಅನುಮಾನವಾ?’ ಅಂತ ಮುಖ ಕೆಂಪು ಮಾಡಬೇಡಿ. ನಾವು ಎರಡನೇ ವರ್ಷದಿಂದ ಪ್ರತಿ ತಿಂಗಳ ಖರ್ಚಿನ ಹಾಳೆಯನ್ನು ಲಿಫ್ಟ್ ಪಕ್ಕದ ಬೋರ್ಡಿಗೆ ಅಂಟಿಸಿದೆವು. ಮೊದಲ ಮೂರು ತಿಂಗಳು ದಿನಕ್ಕೆ ಹತ್ತು ಪ್ರಶ್ನೆ. ನಾಲ್ಕನೇ ತಿಂಗಳಿಂದ ಯಾರೂ ಓದಲಿಲ್ಲ. ಆದರೂ ಅಂಟಿಸುವುದನ್ನು ನಿಲ್ಲಿಸಲಿಲ್ಲ.

ಬೋರ್ಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ನೋಟಿಸುಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು. ‘ಹಸಿ ಕಸ, ಒಣ ಕಸ ಬೇರೆ ಮಾಡಿ’ ಅನ್ನುವುದನ್ನು ಕಸ ತೆಗೆದುಕೊಂಡು ಹೋಗುವವರಿಗೆ ಓದಲು ಬಾರದ ಭಾಷೆಯಲ್ಲಿ ಬರೆದಿದ್ದೆವು. ಎರಡು ಬುಟ್ಟಿ ಒಂದು ಚೀಲ ಎಂದು ಹೈಕೋರ್ಟ್ ಹೇಳಿದ್ದು 2015ರಲ್ಲಿ, ನಮ್ಮ ಬೋರ್ಡಿನಲ್ಲಿ ಅದು ಕನ್ನಡಕ್ಕೆ ಬಂದದ್ದು 2022ರಲ್ಲಿ. ನವೆಂಬರ್ ಒಂದಕ್ಕೆ ಬಾವುಟ ಹಾರಿಸಲು, ಸಿಹಿ ಹಂಚಲು ಮಾತ್ರ ಯಾವ ವರ್ಷವೂ ಮರೆಯಲಿಲ್ಲ. ಕನ್ನಡದಲ್ಲಿ ಬರೆಯಿರಿ, ಕೆಳಗೆ ಬೇಕಾದರೆ ಇಂಗ್ಲಿಷು, ಹಿಂದಿ ಎರಡೂ ಹಾಕಿ.

ಸೆಕ್ಯುರಿಟಿ ಏಜೆನ್ಸಿಗೆ ನಾವು ಕೊಡುವ ದುಡ್ಡಿಗೂ ಗೇಟಿನಲ್ಲಿ ನಿಂತವನ ಕೈಗೆ ಸೇರುವ ದುಡ್ಡಿಗೂ ಎಷ್ಟು ಅಂತರ ಇದೆ ಅಂತ ಒಮ್ಮೆ ಕೇಳಿ ನೋಡಿ. ಪಿಎಫ್, ಇಎಸ್‌ಐ ಕಟ್ಟಿದ ಚಲನ್ನಿನ ನಕಲು ಪ್ರತಿ ತಿಂಗಳು ಬಿಲ್ಲಿನ ಜೊತೆ ಬರಲಿ. ಬರದಿದ್ದರೆ ಬಿಲ್ಲು ಪಾಸಾಗದಿರಲಿ. ಏಜೆನ್ಸಿ ಕಟ್ಟದೆ ಓಡಿಹೋದರೆ ಕೇಳಲು ಬರುವುದು ನಮ್ಮ ಬಾಗಿಲಿಗೇ. ಇನ್ನು ಮನೆಗೆಲಸದವರಿಗೆ ಬೇರೆ ಲಿಫ್ಟ್ ಅನ್ನುವ ಹಳೇ ಬೋರ್ಡನ್ನು ತೆಗೆಸಲು ನನಗೆ ಎರಡು ವರ್ಷ ಬೇಕಾಯಿತು. ತೆಗೆಸಿದ ಗೋಡೆಯಲ್ಲಿ ಮೊಳೆಯ ತೂತು ಇನ್ನೂ ಇದೆ. ಅಲ್ಲಿಗೆ ಮತ್ತೆ ಏನನ್ನೂ ತೂಗುಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಆವತ್ತು ಸಭೆಗೆ ಬಾರದ 139 ಮನೆಯವರಿಗೂ ಎರಡು ಮಾತು. ಕಮಿಟಿಯವರು ನಿಮ್ಮ ಆಳುಗಳಲ್ಲ. ಭಾನುವಾರ ಊಟಕ್ಕೆ ಕೂತಾಗ ಫೋನು ಮಾಡಿ ‘ಪಾರ್ಕಿಂಗಿನಲ್ಲಿ ಪಾರಿವಾಳ ಗಲೀಜು ಮಾಡಿದೆ, ಏನು ಮಾಡ್ತಿದ್ದೀರಿ?’ ಎಂದು ಕೇಳುವ ಮುಂಚೆ, ಅವರೂ ನಿಮ್ಮ ಹಾಗೇ ಸೋಮವಾರ ಆಫೀಸಿಗೆ ಹೋಗುವವರು ಅನ್ನುವುದು ನೆನಪಿರಲಿ. ಬಾಡಿಗೆದಾರರೇ, ನಿಮಗೆ ಓಟು ಇಲ್ಲದಿರಬಹುದು, ನೀರು ಬೇಕಲ್ಲ. ಎಸ್‌ಟಿಪಿ ನೋಡಲು ನೀವೂ ಬನ್ನಿ. ಹೋದ ವರ್ಷ ನಮ್ಮ ಮೀಟರುಗಳ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸಿಕೊಟ್ಟದ್ದು ಬಿ ಬ್ಲಾಕಿನ ಅದೇ ಬ್ಯಾಚುಲರ್ ಹುಡುಗರು, ಯಾರ ಮೇಲೆ ನಾವು ಮೂರು ಸಲ ನೋಟಿಸು ತಯಾರು ಮಾಡಿದ್ದೆವೋ ಅವರೇ.

ಹಸ್ತಾಂತರದ ದಿನ ಗಡಿಬಿಡಿಯಲ್ಲಿ ಹೇಳಲು ಮರೆತದ್ದನ್ನು ಇಲ್ಲಿ ಬರೆದುಬಿಡುತ್ತೇನೆ. ಘೋಷಣಾ ಪತ್ರದ ಮೂಲಪ್ರತಿ ಬ್ಯಾಂಕಿನ ಲಾಕರಿನಲ್ಲಿದೆ, ಕೀ ಅಧ್ಯಕ್ಷರ ಹತ್ತಿರ ಕೊಟ್ಟಿದ್ದೇನೆ. ಲಿಫ್ಟಿನ ವರ್ಷದ ನಿರ್ವಹಣೆ ಒಪ್ಪಂದ (ಎಎಂಸಿ) ಮಾರ್ಚ್ 31ಕ್ಕೆ ಮುಗಿಯುತ್ತದೆ, ಫೆಬ್ರವರಿಯಲ್ಲೇ ಕೋಟೇಶನ್ ಕರೆಯಿರಿ. ಎ ಬ್ಲಾಕಿನ ಟೆರೇಸಿನ ಬಾಗಿಲು ಎಳೆದು ಮೇಲಕ್ಕೆತ್ತಿದರೆ ಮಾತ್ರ ತೆರೆಯುತ್ತದೆ. ಎಸ್‌ಟಿಪಿ ಹುಡುಗನ ತಂಗಿಗೆ ಮೇ ತಿಂಗಳಲ್ಲಿ ಮದುವೆ, ಹದಿನೈದು ದಿನ ರಜೆ ಕೇಳಿದ್ದಾನೆ. ಬದಲಿ ಆಳನ್ನು ಒಂದು ವಾರ ಮುಂಚೆಯೇ ಕರೆಸಿ ಅವನಿಂದಲೇ ಜಾಡಿ ನೋಡುವುದನ್ನು ಕಲಿಸಿರಿ. ಸಂಪಿನ ಅಳತೆಕೋಲು ಸೆಕ್ಯುರಿಟಿ ಕೋಣೆಯ ಬಾಗಿಲ ಹಿಂದಿದೆ. ಬಿದಿರು ಸಂಘದ್ದು, ಕೋಲು ನನ್ನದು, ಇರಲಿ ಬಿಡಿ. 30 ಸೆಂಟಿಮೀಟರಿಗೆ ಕೆಂಪು ಟೇಪು ಸುತ್ತಿದ್ದೇನೆ. ಹೋದ ತಿಂಗಳು ನೋಡಿದಾಗ ಟೇಪು ಬಿಟ್ಟುಕೊಳ್ಳುತ್ತಿತ್ತು, ಒಂದು ಸಲ ಬದಲಾಯಿಸಿ.

ಇಂತಿ,
ನಿಮ್ಮ ಡಿ ಬ್ಲಾಕಿನ ಮಾಜಿ ಖಜಾಂಚಿ